ಏಳು ಡಿವಿಡಿ ರೈಟರ್, ಒಂದು ಹಳೇ ಬೋರ್ಡ್: ನನ್ನ ಅನುಭವ

"ಲೇ ದೋಸ್ತ, ಗುಜರಿಗೆ ಹಾಕಲೇ ಅದನ್ನ. ಈಗ ಯಾರ್ ಡಿವಿಡಿ ಬರಸ್ತಾರ?" ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಹೀಗೆ ಹೇಳಿದ್ದು ದೀಪಾವಳಿಗೆ ಮುಂಚೆ. ಈಗ ಯುಗಾದಿ ಮುಗಿದಿದೆ. ಏಳರಲ್ಲಿ ಆರು ಡ್ರೈವ್ ನನ್ನ ಅಂಗಡಿಯಲ್ಲಿ ದಿನಾ ಓಡುತ್ತಿವೆ. ಅವುಗಳ ಫರ್ಮ್‌ವೇರ್, ಅಂದರೆ ಡ್ರೈವಿನ ಒಳಗೇ ಕುಳಿತು ಅದನ್ನು ನಡೆಸುವ ಸಾಫ್ಟ್‌ವೇರ್, ಬದಲಿಸಿದ್ದರಿಂದ ಇದು ಆಯಿತು. ಅದಕ್ಕೇ ಇದನ್ನು ಬರೆಯಲು ಕುಳಿತೆ.

ಗದಗಿನ ಬೆಟಗೇರಿಯಲ್ಲಿ ಒಂದು ವಿಡಿಯೋ ಸ್ಟುಡಿಯೋ ಬಾಗಿಲು ಹಾಕಿತು. ಮದುವೆ ಡಿವಿಡಿ ಕಾಪಿ ಮಾಡುವ ಟವರ್ ಅವರ ಹತ್ತಿರ ಇತ್ತು. ಒಂದು ರೀಡರ್, ಏಳು ರೈಟರ್, ಎಲ್ಲಾ ಸಾಟಾ ಕೇಬಲ್ಲಿನವು. ಐದು ಸಾವಿರ ಹೇಳಿದರು, ಮೂರೂವರೆಗೆ ಇಳಿಸಿದೆ. ಗದಗಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ತಂದೆ, ಅದರ ಲಗೇಜ್ ಬೇರೆ.

ಡಿವಿಡಿ ಯಾರು ಬರೆಸುತ್ತಾರೆ ಅಂದರೆ, ವಕೀಲರು. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ, ಕೆಳಗಿನ ಕೋರ್ಟುಗಳಂತೂ ಇದ್ದೇ ಇವೆ. ಸಿಸಿಟಿವಿ ಫೂಟೇಜ್ ಕೊಡಬೇಕಾದಾಗ ಎರಡು, ಮೂರು, ಕೆಲವೊಮ್ಮೆ ಹತ್ತು ಕಾಪಿ ಬೇಕು. ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರಕ್ಕೆ ಮೊದಲು 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು, 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಬಂತು. ಆ ಫಾರ್ಮಿನಲ್ಲಿ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಕೂಡ ಬರೆಯಬೇಕು. ಹ್ಯಾಶ್ ತೆಗೆದು, ಬರೆದದ್ದು ಮೂಲಕ್ಕೆ ಹೊಂದುತ್ತದಾ ಅಂತ ವೆರಿಫೈ ಮಾಡಿ ಕೊಟ್ಟರೆ ಡಿಸ್ಕಿಗೆ 150 ರೂಪಾಯಿ ಸಿಗುತ್ತದೆ. ಪೆನ್‌ಡ್ರೈವ್ ಕೊಡಬಹುದು, ಆದರೆ ಒಮ್ಮೆ ಬರೆದರೆ ತಿದ್ದಲಾಗದ ಡಿಸ್ಕ್ ಅಂದರೆ ಇವರಿಗೆ ಸಮಾಧಾನ.

ತಂದು ಹಚ್ಚಿದ ದಿನವೇ ಮುಖ ಬಾಡಿತು. ಈಗ ಮಾರುಕಟ್ಟೆಯಲ್ಲಿ ಸಿಗುವ ಸ್ಪಿಂಡಲ್ ಡಿಸ್ಕುಗಳ ಮೀಡಿಯಾ ಕೋಡೇ, ಅಂದರೆ ಡಿಸ್ಕ್ ಯಾರು ಮಾಡಿದ್ದು ಅಂತ ತಿಳಿಸುವ ಗುರುತೇ, ಇವಕ್ಕೆ ಗೊತ್ತಿಲ್ಲ. 16ಎಕ್ಸ್ ವೇಗದ ಡಿಸ್ಕ್ ಹಾಕಿದರೆ 4ಎಕ್ಸ್‌ನಲ್ಲಿ ತೆವಳುತ್ತವೆ, ಒಂದು ಡಿಸ್ಕಿಗೆ ಕಾಲು ಗಂಟೆ. ಬರೆದ ಐದರಲ್ಲಿ ಒಂದು ವೆರಿಫೈನಲ್ಲಿ ಸತ್ತೇ ಹೋಗುತ್ತದೆ. ಐವತ್ತರ ಸ್ಪಿಂಡಲ್‌ಗೆ ಆರುನೂರರ ಮೇಲೆ ಕೊಟ್ಟಿದ್ದೆ, ಮೊದಲ ವಾರದಲ್ಲೇ ಹತ್ತು ಹನ್ನೆರಡು ಡಿಸ್ಕ್ ಹಾಳು. ಏಳರಲ್ಲಿ ನಾಲ್ಕು ಬಗೆಯ ಫರ್ಮ್‌ವೇರ್ ಇತ್ತು. ಟವರಿನಲ್ಲಿ ಒಂದು ನಿಧಾನ ಆದರೆ ಉಳಿದ ಆರೂ ಅದಕ್ಕೆ ಕಾಯುತ್ತವೆ. ಎತ್ತಿನ ಗಾಡಿ ಇದ್ದ ಹಾಗೆ.

ಹೊಸ ಫರ್ಮ್‌ವೇರ್ ಸಿಕ್ಕಿತು. ಹಾಕುವುದೇ ಆಗಲಿಲ್ಲ.

ವಿಂಡೋಸ್ 10ರಲ್ಲಿ ಅಪ್‌ಡೇಟರ್ ತೆರೆದರೆ ಡ್ರೈವೇ ಇಲ್ಲ ಅಂದಿತು. ಅದೇ ಹೊತ್ತಿಗೆ ಅದೇ ಡ್ರೈವಿನಲ್ಲಿ ಹಾಡು ಓಡುತ್ತಿತ್ತು! ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಎಎಚ್‌ಸಿಐ ತೆಗೆದು, ಡ್ರೈವ್ ಜೊತೆ ಮಾತಾಡುವ ಹಳೇ ವಿಧಾನವಾದ ಐಡಿಇ ಮಾಡಿದೆ. ಕೂಡಲೇ ನೀಲಿ ಪರದೆ, "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್", ಅಂದರೆ ವಿಂಡೋಸ್ ಇರುವ ಡಿಸ್ಕೇ ಸಿಗುತ್ತಿಲ್ಲ. ಅದು ಬಿಲ್ಲಿಂಗ್ ಮಾಡುವ ಸಿಸ್ಟಮ್ ಆಗಿತ್ತು, ಮನೆಯವರ ಕೈಯಲ್ಲಿ ಬೈಸಿಕೊಂಡೆ. ವಾಪಸ್ ಎಎಚ್‌ಸಿಐ ಮಾಡಿದ ಮೇಲೆ ಎದ್ದಿತು.

ಆಮೇಲೆ ಮಾಡಿದ್ದು ಪಕ್ಕಾ ದಡ್ಡತನ. ಯುಎಸ್‌ಬಿ ಟು ಸಾಟಾ ಅಡಾಪ್ಟರ್‌ಗೆ ಡ್ರೈವ್ ಹಚ್ಚಿ ಫ್ಲ್ಯಾಶ್ ಕೊಟ್ಟೆ, ಅಂದರೆ ಹೊಸ ಫರ್ಮ್‌ವೇರ್ ಬರೆಸಲು ಹೊರಟೆ. ಡ್ರೈವ್ ಕಾಣಿಸಿತು, ಅಪ್‌ಡೇಟ್ ಶುರುವೂ ಆಯಿತು. ಅರ್ಧದಲ್ಲಿ ನಿಂತಿತು. ಹತ್ತು ನಿಮಿಷ ಕಾದೆ, ಅರ್ಧ ಗಂಟೆ ಕಾದೆ. ಕೊನೆಗೆ ಪವರ್ ತೆಗೆದೆ. ಲೈಟ್ ಉರಿದದ್ದು ಆರಲೇ ಇಲ್ಲ, ಟ್ರೇಯೂ ಬರಲಿಲ್ಲ. ಅಡಾಪ್ಟರಿನಲ್ಲಿ ಡೇಟಾ ದಾಟಿಸುವ ಬ್ರಿಡ್ಜ್ ಚಿಪ್ ಫ್ಲ್ಯಾಶ್ ಕಮಾಂಡುಗಳನ್ನೂ ಸರಿಯಾಗಿ ದಾಟಿಸುತ್ತದೆ ಅಂತ ನಂಬಬಾರದು. ಮೊದಲ ಹೆಣ.

ಎರಡನೆಯದು ಬಿದ್ದದ್ದು ಹಳೇ ವಿಂಡೋಸ್ ಎಕ್ಸ್‌ಪಿಯಲ್ಲಿ. ಈ ಸಲ ಡ್ರೈವ್ ಕಂಡಿತು, ಆದರೆ ಶೇ. 0ಯಲ್ಲೇ ಫೇಲ್. ಮೂರು ಸಂಜೆ ಅದಕ್ಕೇ ಹೋದವು. ಕೇಬಲ್ ಬದಲಿಸಿದೆ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಿದೆ. ಕಳ್ಳ ಎಲ್ಲಿದ್ದ ಗೊತ್ತಾ? ಹಿಂದೆ ಎಂದೋ ಹಾಕಿದ ವರ್ಚುವಲ್ ಡ್ರೈವ್ ಸಾಫ್ಟ್‌ವೇರ್. ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ವಿಂಡೋಸ್ ಮತ್ತು ಡ್ರೈವಿನ ನಡುವೆ ಕೂರುವ ಅದರ ಎಸ್‌ಪಿಟಿಡಿ ಡ್ರೈವರ್ ಹಿಂದೆ ಉಳಿದಿರುತ್ತದೆ, ಅದನ್ನು ಬೇರೆಯೇ ತೆಗೆಯಬೇಕು. ತೆಗೆದೆ, ಫ್ಲ್ಯಾಶ್ ಓಡಿತು, ಖುಷಿಪಟ್ಟೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇತ್ತು, ಆದರೆ ಬ್ಯಾಟರಿ ಎರಡು ಸೆಕೆಂಡ್ ಕೂಡ ತಡೆಯಲಿಲ್ಲ. ಮರುದಿನ 12 ವೋಲ್ಟ್ 7 ಎಎಚ್ ಬ್ಯಾಟರಿ ತಂದೆ, ಸಾವಿರದ ಆಸುಪಾಸು. ಟವರಿಗೆ ಕೊಟ್ಟ ದುಡ್ಡಿನ ಮೂರನೇ ಒಂದು ಭಾಗ ಬ್ಯಾಟರಿಗೇ ಹೋಯಿತು. ಗೆಳೆಯ ಬಂದು ನೋಡಿ, "ಇದು ಎದ್ರ ನಿಂಗ ಗಿರಮಿಟ್ ಮಿರ್ಚಿ, ಒಂದು ತಿಂಗಳ ನಂದ" ಎಂದು ನಕ್ಕು ಹೋದ.

ತಲೆ ಓಡಿದ್ದು ಆಗಲೇ. ತಪ್ಪು ಡ್ರೈವಿನದಲ್ಲ, ಫೈಲಿನದೂ ಅಲ್ಲ. ಅಪ್‌ಡೇಟರ್ ಮತ್ತು ಡ್ರೈವಿನ ನಡುವೆ ಜಾಸ್ತಿ ಜನ ನಿಂತಿದ್ದಾರೆ, ಅವರನ್ನು ಎಬ್ಬಿಸಬೇಕು. ಅಟ್ಟದ ಮೇಲೆ ಜಿ31 ಅನ್ನುವ ಹಳೇ ಮದರ್‌ಬೋರ್ಡ್ ಒಂದು ಬಿದ್ದಿತ್ತು. ಅದರ ಐಸಿಎಚ್7 ಚಿಪ್‌ನಲ್ಲಿ ಎಎಚ್‌ಸಿಐ ಅನ್ನುವುದೇ ಇಲ್ಲ, ಸಾಟಾ ಪೋರ್ಟ್ ಕೂಡ ಐಡಿಇ ಥರವೇ ನಡೆದುಕೊಳ್ಳುತ್ತದೆ. ಇವತ್ತು ಅದನ್ನು ಯಾರೂ ಐನೂರಕ್ಕೂ ಕೇಳುವುದಿಲ್ಲ, ನನಗೆ ಮಾತ್ರ ಚಿನ್ನ. 1 ಜಿಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್, ಹೊಸದಾಗಿ ಹಾಕಿದ ಎಕ್ಸ್‌ಪಿ. ಆಂಟಿವೈರಸ್ ಇಲ್ಲ, ಬರ್ನಿಂಗ್ ಸಾಫ್ಟ್‌ವೇರ್ ಇಲ್ಲ, ನೆಟ್ ಇಲ್ಲ. ಆಟೋರನ್ ಬಂದ್. ಒಂದು ಸಲಕ್ಕೆ ಒಂದೇ ಡ್ರೈವ್, ಟ್ರೇ ಖಾಲಿ. ಫ್ಲ್ಯಾಶ್ ಆದ ಮೇಲೆ ಬರೀ ರೀಸ್ಟಾರ್ಟ್ ಸಾಲದು, ಪ್ಲಗ್ ಕಿತ್ತು ಅರ್ಧ ನಿಮಿಷ ಬಿಡಬೇಕು.

ಮೂರು ಡ್ರೈವ್ ಒಂದೇ ಮಧ್ಯಾಹ್ನ ಆದವು. ಒಂದೊಂದಕ್ಕೆ ನಿಮಿಷ ಕೂಡ ಹಿಡಿಯಲಿಲ್ಲ. ಎರಡು ತಿಂಗಳು ಒದ್ದಾಡಿದ್ದು ಇದಕ್ಕಾ ಅನ್ನಿಸಿತು.

ಉಳಿದವುಗಳಲ್ಲಿ ಎರಡು ಬ್ರಾಂಡೆಡ್ ಪಿಸಿಯಿಂದ ಕಿತ್ತು ಹಾಕಿದಂಥವು. ಮಾಡೆಲ್ ಅದೇ, ಒಳಗಿನ ಐಡಿ ಬೇರೆ. ಅಪ್‌ಡೇಟರ್ "ನಿನ್ನದಲ್ಲ" ಎಂದು ಹೊರಗೆ ಹಾಕಿತು. ಇವಕ್ಕೆ ಕ್ರಾಸ್‌ಫ್ಲ್ಯಾಶ್ ಬೇಕು, ಅಂದರೆ ಬೇರೆ ಐಡಿಯ ಫರ್ಮ್‌ವೇರ್ ಹಾಕಬೇಕು. ಮೊದಲು ಹಳೇ ಫರ್ಮ್‌ವೇರ್ ಮತ್ತು ಇಇಪಿರಾಮ್ (ಆಯಾ ಡ್ರೈವಿನ ಲೇಸರ್ ಅಳತೆ ಇರುವ ಮೆಮೊರಿ) ಎರಡನ್ನೂ ಬ್ಯಾಕಪ್ ಇಟ್ಟೆ, ಫೈಲಿಗೆ ಡ್ರೈವಿನ ಸೀರಿಯಲ್ ನಂಬರೇ ಹೆಸರು. ಐಡಿ ತಪಾಸಣೆ ಹೇಗೆ ದಾಟಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು ನೋಡ್ರಿ.

ಸತ್ತ ಎರಡರ ಕಥೆ ಹೇಳಲೇಬೇಕು. ಎರಡರಲ್ಲೂ ಇದ್ದದ್ದು ಮೀಡಿಯಾಟೆಕ್ ಚಿಪ್. ವಿಂಡೋಸ್‌ಗೆ ಇವು ಕಾಣುವುದೇ ಇಲ್ಲ. ಹಚ್ಚಿ ಆನ್ ಮಾಡಿದರೆ ಬಯಾಸ್ ಅಲ್ಲೇ ತೂಕಡಿಸುತ್ತದೆ. ಹಾಗಾಗಿ ಡೇಟಾ ಕೇಬಲ್ ಹಚ್ಚಿ, ಡ್ರೈವಿಗೆ ಪವರ್ ಮಾತ್ರ ಕೊಡದೆ, ಪೆನ್‌ಡ್ರೈವಿನಿಂದ ಡಾಸ್‌ಗೆ ಹೋದೆ. ಡಾಸ್ ಬಂದ ಮೇಲೆ ಪವರ್ ಕೊಟ್ಟೆ, ಈ ಚಿಪ್ಪಿಗೆ ಫರ್ಮ್‌ವೇರ್ ಬರೆಯುವ ಎಂಟಿಕೆಫ್ಲ್ಯಾಶ್ ಓಡಿಸಿದೆ. ಮೊದಲ ಹತ್ತು ಸಲ ಏನೂ ಇಲ್ಲ. ಪವರ್ ಯಾವ ಗಳಿಗೆಯಲ್ಲಿ ಕೊಡಬೇಕು ಅನ್ನುವುದರಲ್ಲೇ ಎಲ್ಲಾ ಇದೆ, ಅದು ಕೈಗೆ ಬರಬೇಕು, ಬರೆದರೆ ಬರುವುದಿಲ್ಲ. ಹನ್ನೊಂದೋ ಹನ್ನೆರಡೋ ಸಲಕ್ಕೆ ಫ್ಲ್ಯಾಶ್ ಚಿಪ್ ಐಡಿ ಪರದೆ ಮೇಲೆ ಬಂತು. ಬರೆಯಿತು. ಪವರ್ ತೆಗೆದು ಕೊಟ್ಟೆ. ಟ್ರೇ ಕರ್ರ್ ಅಂತ ಹೊರಗೆ ಬಂತು ನೋಡಿ, ರಾತ್ರಿ ಹನ್ನೊಂದೂವರೆಗೆ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿದೆ. ಕರೆಂಟ್ ಹೋಗಿ ಸತ್ತದ್ದು ಇದು. ಯುಎಸ್‌ಬಿಯಿಂದ ಕೊಂದದ್ದು ಮಾತ್ರ ಇನ್ನೂ ಏಳಲಿಲ್ಲ. ಹೀಗೆ ಪವರ್ ಇದ್ದಾಗ ಹಚ್ಚುವುದಕ್ಕೆ ಒಳ್ಳೇ ಬೋರ್ಡ್ ಬಳಸಬೇಡಿ, ಸುಟ್ಟರೆ ಹೊಟ್ಟೆ ಉರಿಯದಂಥದ್ದು ಇರಲಿ.

ಕುತೂಹಲಕ್ಕೆ ಇನ್ನೊಂದು ಮಾಡಿದೆ. ಚೆನ್ನಾಗಿ ಬರೆಯುವ ಡ್ರೈವಿನ ಇಇಪಿರಾಮ್ ತೆಗೆದು ಸಾಧಾರಣ ಡ್ರೈವಿಗೆ ಹಾಕಿದೆ. ಇನ್ನೂ ಕೆಟ್ಟಿತು. ಒಂದೊಂದು ಲೇಸರಿನ ಅಳತೆ ಬೇರೆ, ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಆಗುತ್ತದಾ? ಬ್ಯಾಕಪ್ ಇದ್ದದ್ದಕ್ಕೆ ಬಚಾವ್. ಡಿವಿಡಿ ಪ್ಲಸ್ ಆರ್ ಡಿಸ್ಕಿನ ಬುಕ್‌ಟೈಪ್, ಅಂದರೆ ತಾನು ಯಾವ ಬಗೆಯ ಡಿಸ್ಕ್ ಅಂತ ಪ್ಲೇಯರಿಗೆ ಹೇಳುವ ಗುರುತು, ಡಿವಿಡಿ ರಾಮ್ ಅಂತ ಬದಲಿಸಿದ್ದು ಮಾತ್ರ ಕೆಲಸಕ್ಕೆ ಬಂತು. ಹಾವೇರಿ ಕಡೆಯ ಒಬ್ಬ ಅಜ್ಜ ಮಗಳ ಮದುವೆ ಕಾಪಿ ತನ್ನ ಹಳೇ ಪ್ಲೇಯರಿನಲ್ಲಿ ಬರುವುದಿಲ್ಲ ಎಂದು ಎರಡು ಸಲ ವಾಪಸ್ ತಂದಿದ್ದ. ಹೀಗೆ ಬದಲಿಸಿ ಕೊಟ್ಟ ಮೇಲೆ ಅಜ್ಜ ಮೂರನೇ ಸಲ ಬರಲಿಲ್ಲ. ಡಿವಿಡಿ ಮೈನಸ್ ಆರ್‌ಗೆ ಈ ಆಟ ನಡೆಯದು.

ಫಲ ಏನು ಅಂತ ಕೇಳುವವರಿಗೆ: ಅದೇ ಸ್ಪಿಂಡಲ್, ಈಗ ಆರೂ ಡ್ರೈವ್ 12ಎಕ್ಸ್ ತೋರಿಸುತ್ತವೆ. ನಾನು 8ಎಕ್ಸ್‌ನಲ್ಲೇ ಬರೆಯುತ್ತೇನೆ, ಎಂಟು ಒಂಬತ್ತು ನಿಮಿಷ. ಹಳೇ ಲೈಟ್‌ಆನ್ ಡ್ರೈವ್ ಒಂದನ್ನು ಡಿಸ್ಕ್ ಎಷ್ಟು ಚೆನ್ನಾಗಿ ಬರೆದಿದೆ ಅಂತ ನೋಡುವ ನೀರೋ ಡಿಸ್ಕ್‌ಸ್ಪೀಡ್ ಸ್ಕ್ಯಾನಿಗೆಂದೇ ಇಟ್ಟಿದ್ದೇನೆ. ಮೊದಲು ಡಿಸ್ಕಿನ ಹೊರ ಅಂಚಿನಲ್ಲಿ ಪಿಐ (ಓದುವಾಗ ಸಿಗುವ ತಪ್ಪುಗಳ ಎಣಿಕೆ) ಸಾವಿರ ದಾಟುತ್ತಿತ್ತು, ಮಿತಿ ಇರುವುದು 280. ಈಗ ನಲವತ್ತರ ಒಳಗೆ, ಪಿಐಎಫ್ (ಮೊದಲ ಹಂತದಲ್ಲಿ ಸರಿಪಡಿಸಲಾಗದ ತಪ್ಪು) ಹೆಚ್ಚೆಂದರೆ 2. ಕಳೆದ ನೂರು ನೂರಿಪ್ಪತ್ತು ಡಿಸ್ಕಿನಲ್ಲಿ ಕೆಟ್ಟದ್ದು ಎರಡು, ಅದರಲ್ಲಿ ಒಂದಕ್ಕೆ ನನ್ನ ಬೆರಳಿನ ಎಣ್ಣೆ ಕಾರಣ. ಟವರ್, ಬ್ಯಾಟರಿ, ಹಾಳಾದ ಡಿಸ್ಕ್ ಎಲ್ಲಾ ಸೇರಿ ಆರು ಸಾವಿರದ ಹತ್ತಿರ ಹೋಗಿರಬೇಕು. ಫೆಬ್ರವರಿಯಲ್ಲೇ ವಾಪಸ್ ಬಂತು.

ಗಿರಮಿಟ್ ನಾಲ್ಕು ದಿನ ಬಂತು, ಐದನೇ ದಿನದಿಂದ ಗೆಳೆಯನ ಫೋನ್ ಬ್ಯುಸಿ. ಹೋದ ವಾರ ಅವನ ಅಂಗಡಿ ಹುಡುಗ ಎರಡು ಡ್ರೈವ್ ಚೀಲದಲ್ಲಿ ತಂದ. "ಅಣ್ಣಾ, ಇವಕ್ಕೂ ಹಾಕಿ ಕೊಡಬೇಕಂತ್ರಿ." ಒಂದಕ್ಕೆ ಮುನ್ನೂರು ಹೇಳಿ ಕಳಿಸಿದ್ದೇನೆ.