ಕೆಚ್ಚಲು ಬಾವಿನ ಬ್ಯಾಕ್ಟೀರಿಯಾ ಹಾವಸೆ ಕಟ್ಟುತ್ತದೆಯೇ? ಲ್ಯಾಬಿನಲ್ಲಿ ಪತ್ತೆ ಹಚ್ಚುವ ಕ್ರಮ

ಔಷಧಿಗೆ ತಿಳಿಯಾದ ಹಾಲು ಕೆಲವೇ ವಾರಗಳಲ್ಲಿ ಮತ್ತೆ ಗರಣೆಗಟ್ಟಿ ಬರತೊಡಗಿದರೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅನುಮಾನಪಡಿ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಹಿಡಿದಂತೆ ಅದು ಕೆಚ್ಚಲೊಳಗೆ ಬಯೋಫಿಲ್ಮ್ ಎಂಬ ಲೋಳೆ ಪದರ ಕಟ್ಟಿಕೊಂಡಿರಬಹುದು. ಮೆಥಿಸಿಲಿನ್ ಎಂಬ ಆಂಟಿಬಯಾಟಿಕ್ ಔಷಧಿಗೆ ಪ್ರತಿರೋಧ ಕೊಡುವುದು ಮೆಕ್-ಎ ಜೀನ್. ಲೋಳೆಯ ಸಕ್ಕರೆ ನೇಯುವುದು ಇಕಾ ಜೀನ್‌ಗಳು. ಜೀನ್ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ನೋಡುವ ಪಿಸಿಆರ್‌ನಲ್ಲಿ ಇಕಾ ಬ್ಯಾಂಡ್ (ಜೆಲ್ ಮೇಲಿನ ಗೆರೆ) ಕಂಡ ಮಾತ್ರಕ್ಕೆ 'ಪದರ ಕಟ್ಟುತ್ತದೆ' ಎಂದು ವರದಿ ಬರೆಯಬೇಡಿ. ಜೀನ್ ಇದ್ದೂ ಸುಮ್ಮನಿರಬಹುದು.

ತೀರ್ಥಹಳ್ಳಿ, ಹೊಸನಗರದ ಕೊಟ್ಟಿಗೆಗಳಿಂದ ಶಿವಮೊಗ್ಗಕ್ಕೆ ಮಾದರಿ ತರುವವರು ಮೊದಲ ಮೂರ್ನಾಲ್ಕು ಧಾರೆ ಚೆಲ್ಲಿ, ಮೊಲೆ ತುದಿಯನ್ನು 70% ಆಲ್ಕೋಹಾಲಿನಿಂದ ಒರೆಸಿ, ಆರಿದ ಮೇಲೆ 5 ಮಿಲಿ ಹಾಲು ಹಿಡಿಯಿರಿ. ಮಲೆನಾಡು ಗಿಡ್ಡದ ಕೆಚ್ಚಲು ನೆಲಕ್ಕೆ ಹತ್ತಿರ. ಸಗಣಿ ಸಿಡಿಯದಂತೆ ಟ್ಯೂಬ್ ಓರೆಯಾಗಿರಲಿ. ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ.

ಮೆಥಿಸಿಲಿನ್ ಪ್ರತಿರೋಧ ನೋಡಲು, ಹಾಲಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಹರಡಿದ ಮುಲ್ಲರ್-ಹಿಂಟನ್ ಅಗಾರ್ ಮೇಲೆ 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ (ಅದೇ ಬಗೆಯ ಔಷಧಿ) ಡಿಸ್ಕ್, 35 ಡಿಗ್ರಿ, 16-18 ಗಂಟೆ. ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯದ ವ್ಯಾಸ 21 ಮಿಮೀ ಅಥವಾ ಕಡಿಮೆಯಿದ್ದರೆ ಪ್ರತಿರೋಧಿ.

ಪದರದ ಪರೀಕ್ಷೆಗೆ ಚಪ್ಪಟೆ ತಳದ 96 ಗುಳಿಯ ಪಾಲಿಸ್ಟೈರೀನ್ ಪ್ಲೇಟ್ ಬೇಕು. ರಾತ್ರಿ ಬೆಳೆಸಿದ ಕಲ್ಚರನ್ನು 1% ಗ್ಲೂಕೋಸ್ ಸೇರಿಸಿದ ಟ್ರಿಪ್ಟಿಕ್ ಸೋಯಾ ಬ್ರಾತ್‌ನಲ್ಲಿ ನೂರು ಪಟ್ಟು ತೆಳುಮಾಡಿ, ಪ್ರತಿ ಬ್ಯಾಕ್ಟೀರಿಯಾ ತಳಿಗೂ ಮೂರು ಗುಳಿಯಂತೆ 200 ಮೈಕ್ರೊಲೀಟರ್ ಹಾಕಿ. ಬರಿಯ ಬ್ರಾತ್‌ಗೂ ಮೂರು ಗುಳಿ. 37 ಡಿಗ್ರಿಯಲ್ಲಿ 24 ಗಂಟೆ, ಅಲುಗಿಸದೆ. ಗ್ಲೂಕೋಸ್ ಮರೆತರೆ ಒಳ್ಳೆಯ ತಳಿಯೂ ಪದರ ಕಟ್ಟದೆ ಹೋಗಬಹುದು. ಸಕ್ಕರೆ ಹುಳಿಯುವಾಗ ಹುಟ್ಟುವ ಆಮ್ಲವೇ ಅದನ್ನು ಅಂಟಿ ಕೂರುವಂತೆ ಪ್ರೇರೇಪಿಸುತ್ತದೆ.

ಹೆಚ್ಚು ಕೆಡುವುದು ತೊಳೆಯುವಲ್ಲಿ. ಫಾಸ್ಫೇಟ್ ಬಫರ್‌ನಿಂದ ಮೂರು ಸಲ, ಗುಳಿಯ ಗೋಡೆಗುಂಟ ನಿಧಾನ ಇಳಿಸಿ ತೊಳೆಯಿರಿ. ಬಣ್ಣ ಹಾಕಿದ ಮೇಲೆ ತಳದ ನೇರಳೆಯಲ್ಲಿ ಅರ್ಧಚಂದ್ರದಂಥ ಬಿಳಿ ಗೆರೆ ಕಂಡರೆ ಅದು ಪಿಪೆಟ್ ತುದಿ ಕೆರೆದ ಗುರುತು. ಆ ಗುಳಿಯ ಅಂಕಿ ಬಿಡಿ. ತೊಳೆದ ಪ್ಲೇಟನ್ನು ಮಗುಚಿ 60 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಡಿ. ಗಾಳಿಗೆ ಒಣಗಿಸುವ ಪದ್ಧತಿ ಬೇಸಿಗೆಗೆ ಸರಿ, ಪುಷ್ಯ ಮಳೆ ಹೊಯ್ಯುವಾಗ ನೆಚ್ಚಬೇಡಿ: ಹಸಿ ಪದರ ಬಣ್ಣದೊಂದಿಗೇ ಎದ್ದು ಹೋಗುತ್ತದೆ. ಬಳಿಕ ಸೋಸಿದ 0.1% ಕ್ರಿಸ್ಟಲ್ ವಯಲೆಟ್ 15 ನಿಮಿಷ. ತೊಳೆದ ನೀರಿನಲ್ಲಿ ಬಣ್ಣ ಕಾಣದಾಗುವವರೆಗೆ ತೊಳೆದು ಒಣಗಿಸಿ, 33% ಅಸಿಟಿಕ್ ಆಮ್ಲದಲ್ಲಿ ಕರಗಿಸಿ 570 ನ್ಯಾನೊಮೀಟರ್‌ನಲ್ಲಿ ಓದಿ. ಖಾಲಿ ಬ್ರಾತ್‌ನ ಸರಾಸರಿಗೆ ಅದರ ಪ್ರಮಾಣ ವಿಚಲನೆಯ ಮೂರು ಪಟ್ಟು ಕೂಡಿಸಿದರೆ ಗಡಿ ಸಿಗುತ್ತದೆ. ಗಡಿ ದಾಟಿ ಅದರ ಎರಡು ಪಟ್ಟಿನವರೆಗೆ ದುರ್ಬಲ, ನಾಲ್ಕರವರೆಗೆ ಮಧ್ಯಮ, ಅದರ ಮೇಲೆ ಪ್ರಬಲ.

ಈಗ ಜೀನ್. ಡಿಎನ್ಎ ಹೊರತೆಗೆಯಲು ಬ್ಯಾಕ್ಟೀರಿಯಾದ ಕೋಶಗೋಡೆ ಒಡೆಯಬೇಕು. ಅದು ಬರಿಯ ಲೈಸೊಜೈಮ್‌ಗೆ ಜಗ್ಗುವುದಿಲ್ಲ, ಲೈಸೊಸ್ಟ್ಯಾಫಿನ್ ಎಂಬ ಕಿಣ್ವ ಬೇಕು. ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್ಎ ಚೂರುಗಳೇ ಪ್ರೈಮರ್. ಸಾಮಾನ್ಯವಾಗಿ ಬಳಸುವ ಪ್ರೈಮರ್‌ಗಳಲ್ಲಿ ಇಕಾ-ಎ 188, ಇಕಾ-ಡಿ 198 ಬೇಸ್ ಜೋಡಿ ಉದ್ದದ ತುಣುಕು. ಹತ್ತರ ಅಂತರ ಜೆಲ್‌ನಲ್ಲಿ ಬೇರ್ಪಡುವುದಿಲ್ಲ, ಬೇರೆ ಬೇರೆ ಟ್ಯೂಬಿನಲ್ಲಿ ನಡೆಸಿ 2% ಅಗರೋಸ್ ಮೇಲೆ ನೋಡಿ.

ಇಕಾ ಇಲ್ಲದೆಯೂ ಪದರ ಗಟ್ಟಿಯಾಗಿದ್ದರೆ ಗಾಬರಿ ಬೇಡ. ಮೆಥಿಸಿಲಿನ್‌ಗೆ ಬಗ್ಗದ ತಳಿಗಳಲ್ಲಿ ಹಲವು ಬಾರಿ ಮೈಮೇಲಿನ ಪ್ರೋಟೀನೇ ಅಂಟು. ಹಸುವಿನಿಂದ ಸಿಕ್ಕ ಕೆಲವು ಬ್ಯಾಕ್ಟೀರಿಯಾ ತಳಿಗಳಲ್ಲಿ ಬ್ಯಾಪ್ ಜೀನ್ ಆ ಕೆಲಸ ಮಾಡುತ್ತದೆ. ಖಚಿತಪಡಿಸಲು ಬಲಿತ ಪದರವನ್ನು ತೊಳೆದು, ಒಂದು ಸಾಲಿಗೆ 10 ಮಿಲಿಮೋಲಾರ್ ಸೋಡಿಯಂ ಮೆಟಾಪೆರಿಯೊಡೇಟ್, ಇನ್ನೊಂದಕ್ಕೆ ಮಿಲಿಗೆ 0.1 ಮಿಗ್ರಾಂ ಪ್ರೋಟೀನೇಸ್-ಕೆ, ಮೂರನೆಯದಕ್ಕೆ ಬರಿಯ ಬಫರ್ ಹಾಕಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಬಣ್ಣ ಹಾಕಿ. ಮೊದಲ ಸಾಲು ಕರಗಿದರೆ ಸಕ್ಕರೆಯ ಪದರ, ಎರಡನೆಯದಾದರೆ ಪ್ರೋಟೀನಿನದು.

ಮೊದಲ ತೊಳೆತದ ನೀರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಅದನ್ನು ಹೈಪೋಕ್ಲೋರೈಟ್ ಬಕೆಟ್ಟಿಗೆ ಸುರಿಯಿರಿ. ಅಸಿಟಿಕ್ ಆಮ್ಲದ ಉಳಿಕೆಯನ್ನು ಮಾತ್ರ ಆ ಬಕೆಟ್ಟಿಗೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.