ನಮ್ಮ ಕಾಲೇಜಿನ ಹದಿನೈದು ದಿನದ ಹಾಳೆ

ನಾನು ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದರೆ ನಡೆದುಕೊಂಡೇ ಬರಬಹುದು. ಕಾಲೇಜಿನ ಸುದ್ದಿ, ಮುಂದೆ ನಡೆಯುವ ಕಾರ್ಯಕ್ರಮ ಎಲ್ಲ ಸೇರಿಸಿ ಹದಿನೈದು ದಿನಕ್ಕೊಂದು ಹಾಳೆ ಹೊರಡಿಸುವ ಕೆಲಸ ನನ್ನ ತಲೆಗೆ ಬಂದದ್ದು ಸ್ಟಾಫ್ ಮೀಟಿಂಗಿನಲ್ಲಿ. "ಮೇಡಂ, ನೀವು ಕನ್ನಡದವರಲ್ವಾ, ಇದೊಂದು ನೀವೇ ನೋಡಿಕೊಳ್ಳಿ" ಎಂದರು ಪ್ರಿನ್ಸಿಪಾಲರು. ಕನ್ನಡದವರ ತಲೆಗೆ ಬರುವ ಕೆಲಸಗಳ ಪಟ್ಟಿ ಉದ್ದ ಉಂಟು. ಸ್ವಾಗತ ಭಾಷಣ, ಸನ್ಮಾನ ಪತ್ರ, ಬ್ಯಾನರಿನ ಕಾಗುಣಿತ, ಈಗ ಇದು.

ಮೊದಲ ಹಾಳೆಯನ್ನು ನಾನು ಪೇಪರಿಗೆ ವರದಿ ಬರೆದ ಹಾಗೆ ಬರೆದೆ. ಸಂಘದ ಆಶ್ರಯದಲ್ಲಿ ಕಾರ್ಯಕ್ರಮ ಜರಗಿತು. ಮುಖ್ಯ ಅತಿಥಿಗಳು ದೀಪ ಬೆಳಗಿಸಿ ಉದ್ಘಾಟಿಸಿದರು. ಒಬ್ಬರು ಸ್ವಾಗತಿಸಿದರು, ಒಬ್ಬರು ವಂದಿಸಿದರು, ಇನ್ನೊಬ್ಬರು ನಿರೂಪಿಸಿದರು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಧಾಟಿ ಕಲಿಸಬೇಕಾಗಿಲ್ಲ, ಬೆಳಿಗ್ಗೆ ಚಹಾದ ಜೊತೆಗೇ ಒಳಗೆ ಹೋಗಿರುತ್ತದೆ. ಮೂರು ಸಂಚಿಕೆ ಹಾಗೆಯೇ ಹೋಯಿತು.

ಒಂದು ದಿನ ಇಂಟರ್ವಲ್‌ನಲ್ಲಿ ಮೆಟ್ಟಿಲ ಬಳಿ ಸುಮ್ನೆ ನಿಂತು ನೋಡಿದೆ. ನನ್ನ ಹಾಳೆ ಅಂಟಿಸಿದ ನೋಟಿಸ್ ಬೋರ್ಡಿನ ಮುಂದೆ ಒಬ್ಬಳು ನಿಂತಳು. 'ವಂದಿಸಿದರು' ಎಂಬಲ್ಲಿ ಅವಳ ಹೆಸರಿತ್ತು. ಫೋಟೋ ತೆಗೆದುಕೊಂಡು ಹೋದಳು. ಉಳಿದವರೆಲ್ಲ ನನ್ನ ಹಾಳೆಗೆ ಬೆನ್ನು ಹಾಕಿ ಪಕ್ಕದ ಸಣ್ಣ ಚೀಟಿ ನೋಡುತ್ತಿದ್ದರು. ಅದು ಆಫೀಸಿನವರು ಅಂಟಿಸಿದ್ದು. ಪರೀಕ್ಷೆ ಶುಲ್ಕ ಕಟ್ಟಲು ಕೊನೆಯ ದಿನ, ಅಷ್ಟೇ. ಅಕ್ಷರ ಸೊಟ್ಟ, ಅಂಟು ಬಿಟ್ಟು ಒಂದು ಮೂಲೆ ಗಾಳಿಗೆ ಹಾರುತ್ತಿತ್ತು. ಆದರೂ ಅದರ ಮುಂದೆ ಗುಂಪು.

ಆವತ್ತು ಹಾಳೆಯನ್ನು ತಲೆಕೆಳಗು ಮಾಡಿದೆ. ಮೇಲಿನ ಮುಕ್ಕಾಲು ಭಾಗ ಬರಲಿರುವುದಕ್ಕೆ, ಕೆಳಗಿನ ಕಾಲು ಭಾಗ ಆಗಿಹೋದದ್ದಕ್ಕೆ. ಅತಿಥಿಗಳ ಬಿರುದು ಬಾವಲಿ ಎಲ್ಲ ತೆಗೆದೆ. ಇಬ್ಬರು ಸಹೋದ್ಯೋಗಿಗಳಿಗೆ ಬೇಜಾರಾಯಿತು. ಅವರ ಸಂಘದ ಉದ್ಘಾಟನೆ ಎರಡೇ ಸಾಲಿಗೆ ಇಳಿದಿತ್ತು. ಪೂರ್ತಿ ವರದಿ ವಾರ್ಷಿಕ ಸಂಚಿಕೆಯಲ್ಲಿ ಬರುತ್ತದೆ ಎಂದು ಸಮಾಧಾನ ಹೇಳಿದೆ. ಅಲ್ಲಿ ಅದನ್ನು ಯಾರು ಓದುತ್ತಾರೆ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮುಂದೆ ಏನು ನಡೆಯುತ್ತದೆ ಎಂದು ತಿಳಿಯುವುದೇ ದೊಡ್ಡ ಪೇಚಾಟ. ಎಲ್ಲ ವಿಭಾಗಗಳಿಗೂ ಕಾರ್ಯಕ್ರಮದ ವಿವರ ಕೊಡಿ ಎಂದು ಸರ್ಕ್ಯುಲರ್ ಕಳಿಸಿದೆ. ಬಂದ ಉತ್ತರ ಎರಡು. ಆಮೇಲೆ ನಮ್ಮ ಅಟೆಂಡರ್ ಹತ್ತಿರ ಇರುವ ಸೆಮಿನಾರ್ ಹಾಲಿನ ಬುಕಿಂಗ್ ಪುಸ್ತಕ ಕಣ್ಣಿಗೆ ಬಿತ್ತು. ಯಾವ ವಿಭಾಗ, ಯಾವ ದಿನ, ಎಷ್ಟು ಗಂಟೆಗೆ, ಮೈಕ್ ಬೇಕಾ, ಪ್ರೊಜೆಕ್ಟರ್ ಬೇಕಾ, ಎಲ್ಲ ಅದರಲ್ಲಿತ್ತು. ಅದಕ್ಕಿಂತ ಒಳ್ಳೆಯ ಮೂಲ ಕ್ಯಾಂಟೀನ್. "ಶುಕ್ರವಾರಕ್ಕೆ 120 ಗೋಳಿಬಜೆ ಹೇಳಿದ್ದಾರೆ ಮೇಡಂ, ಎಂತ ಉಂಟು ಅಂತ ನನಗೆ ಗೊತ್ತಿಲ್ಲ" ಎಂದರು ಕ್ಯಾಂಟೀನಿನ ಅಣ್ಣ. ವಿಚಾರಿಸಿದರೆ ಕಾಮರ್ಸ್‌ನವರ ಫೆಸ್ಟ್. ಅವರು ಬೆಂಗಳೂರಿನ ಅತಿಥಿಗೆ ಟಿಕೆಟ್ ಕೂಡ ಮಾಡಿ ಆಗಿತ್ತು, ನಮ್ಮ ಮಕ್ಕಳಿಗೆ ಮಾತ್ರ ಹೇಳಿರಲಿಲ್ಲ. ಈಗ ಹಾಳೆ ಕಟ್ಟುವ ಮೊದಲು ಒಂದು ಚಹಾ ಕುಡಿಯಲು ಕ್ಯಾಂಟೀನಿಗೆ ಹೋಗುವುದು ನನ್ನ ಕ್ರಮ.

ನನ್ನದೇ ಒಂದು ದೊಡ್ಡ ತಪ್ಪು ಹೇಳಬೇಕು. ಸ್ಕಾಲರ್‌ಶಿಪ್ ಅರ್ಜಿಯ ಪ್ರತಿಯನ್ನು ಆಫೀಸಿಗೆ ಕೊಡಲು 'ಬರುವ ಸೋಮವಾರ ಕೊನೆಯ ದಿನ' ಎಂದು ಬರೆದಿದ್ದೆ. ಬರೆದದ್ದು ಬುಧವಾರ. ಹಾಳೆ ಬೋರ್ಡಿನಲ್ಲಿ ಇರುವುದು ಹದಿನೈದು ದಿನ. ಆ ಸೋಮವಾರ ಕಳೆದ ಮೇಲೆ ಓದಿದವರಿಗೆ ಬರುವ ಸೋಮವಾರ ಅಂದರೆ ಅದರ ಮುಂದಿನದು. ಮೂರು ಮಕ್ಕಳು ಒಂದು ವಾರ ತಡವಾಗಿ, ಕಾಗದಗಳನ್ನೆಲ್ಲ ಚೆಂದಕ್ಕೆ ಜೋಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದರು. ಒಬ್ಬಳು ನನ್ನ ಹಾಳೆಯ ಫೋಟೋವನ್ನೇ ಮೊಬೈಲಿನಲ್ಲಿ ತೋರಿಸಿದಳು. "ಇದರಲ್ಲಿ ಹೀಗೇ ಉಂಟಲ್ಲ ಮ್ಯಾಮ್." ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆಫೀಸಿನಲ್ಲಿ ನಿಂತು ಬೇಡಿಕೊಂಡು ಅವರ ಅರ್ಜಿ ತೆಗೆದುಕೊಳ್ಳುವ ಹಾಗೆ ಮಾಡಿದ್ದಾಯಿತು. ಅಲ್ಲಿಂದ 'ನಾಳೆ', 'ನಾಡಿದ್ದು', 'ಇದೇ ವಾರ', 'ಬರುವ' ಇವೆಲ್ಲ ನಮ್ಮ ಹಾಳೆಯಲ್ಲಿ ಬಂದ್. ತಾರೀಕು, ತಿಂಗಳು, ವಾರ ಮೂರೂ ಬೇಕು. ವಾರ ಯಾಕೆಂದರೆ ತಾರೀಕು ತಪ್ಪಾದರೆ ಅದು ಹಿಡಿದುಕೊಡುತ್ತದೆ. 14 ಬುಧವಾರ ಎಂದು ಬರೆದು ಕ್ಯಾಲೆಂಡರ್ ನೋಡಿದರೆ 14 ಗುರುವಾರ ಆಗಿರುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ಫೋನ್ ಮಾಡಿ ಕೇಳಲೇಬೇಕಾಗುತ್ತದೆ.

ಮಳೆ ರಜೆಯ ಗಲಾಟೆಯೂ ಇದೇ ಜಾತಿಯದ್ದು. ಜುಲೈನಲ್ಲಿ ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರಾ ಎಂದು ಮಕ್ಕಳು ರಾತ್ರಿಯಿಡೀ ಮೊಬೈಲ್ ನೋಡುತ್ತಾರೆ. ಹೋದ ವರ್ಷದ ಆದೇಶ ಈ ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಓಡುತ್ತದೆ, ತಾರೀಕು ಯಾರೂ ನೋಡುವುದಿಲ್ಲ. ಆದೇಶ ನಿಜವೇ ಆದರೂ ಎಷ್ಟೋ ಸಲ ಅದು ಅಂಗನವಾಡಿಯಿಂದ ಪಿಯುಸಿವರೆಗೆ ಮಾತ್ರ. ಪದವಿಯವರು ಕೊಡೆ ಹಿಡಿದು ಬರಬೇಕು. ಇವರ ಮೇಲೆ ಬೀಳುವ ಮಳೆ ಬೇರೆಯಾ ಎಂದು ಅವರು ಕೇಳುವುದು ನ್ಯಾಯವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹಾಳೆಯಲ್ಲಿ ಪ್ರತಿ ಕಾರ್ಯಕ್ರಮದ ಕೆಳಗೆ 'ರಜೆ ಬಂದರೆ' ಎಂದು ಒಂದು ಸಾಲು ಇರುತ್ತದೆ. ರಜೆ ಬಂದರೆ ಯಾವ ದಿನಕ್ಕೆ ಹೋಗುತ್ತದೆ ಎಂದು ಸಂಘಟಕರಿಂದ ಮೊದಲೇ ಬಾಯಿಬಿಡಿಸಿ ಬರೆಯುತ್ತೇವೆ.

ರಕ್ತದಾನ ಶಿಬಿರದ ಸುದ್ದಿಯನ್ನು ನಾವು ಎರಡು ವರ್ಷ 'ಎಲ್ಲ ವಿದ್ಯಾರ್ಥಿಗಳೂ ಭಾಗವಹಿಸಬೇಕು' ಎಂದೇ ಬರೆದೆವು. ಪ್ರಥಮ ವರ್ಷದವರು ಹುಮ್ಮಸ್ಸಿನಿಂದ ಸಾಲು ನಿಂತರು. ವಯಸ್ಸು ಕೇಳಿದರೆ ಅರ್ಧಕ್ಕರ್ಧ 17. ವಾಪಸ್ ಕಳಿಸಿದರು. ಮತ್ತೆ ಕೆಲವರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರು. ಈಗ ಬರೆಯುವುದು ಹೀಗೆ: 18 ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಬೇಕು, ಅದನ್ನು ಅಲ್ಲೇ ನೋಡುತ್ತಾರೆ. ಹಿಂದೆ ಕೊಟ್ಟವರಾದರೆ ಹುಡುಗರಿಗೆ ಮೂರು ತಿಂಗಳು, ಹುಡುಗಿಯರಿಗೆ ನಾಲ್ಕು ತಿಂಗಳು ಆಗಿರಬೇಕು. ತಿಂಡಿ ತಿಂದು ಬನ್ನಿ. ಇಷ್ಟು ಬರೆದ ವರ್ಷ ಸಾಲು ಸಣ್ಣದಾಯಿತು. ಎನ್‌ಎಸ್‌ಎಸ್‌ ಸರ್‌ಗೆ ಮೊದಲು ಗಾಬರಿ. ಆದರೆ ನಿಂತವರಲ್ಲಿ ವಾಪಸ್ ಹೋದವರು ಕಡಿಮೆ.

ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರಕ್ಕೆ ಓದುಗರೇ ಬೇರೆ. ಅದನ್ನು ಓದುವುದು ಮನೆಯಲ್ಲಿರುವ ಅಮ್ಮಂದಿರು, ಮಗಳ ಮೊಬೈಲಿನಲ್ಲಿ. ಒಬ್ಬರು ನನಗೇ ಫೋನ್ ಮಾಡಿದ್ದರು. "ಮಲಗಲಿಕ್ಕೆ ಎಲ್ಲಿ ಮೇಡಂ? ಟೀಚರ್ ಯಾರಾದ್ರೂ ಹೆಂಗಸರು ಇರ್ತಾರಾ?" ಆಮೇಲೆ ಶಿಬಿರದ ಸುದ್ದಿಯಲ್ಲಿ ಉದ್ದೇಶ, ಧ್ಯೇಯವಾಕ್ಯ ಎಲ್ಲ ಬಿಟ್ಟು ಆ ಎರಡಕ್ಕೆ ಉತ್ತರ ಮೊದಲು ಹಾಕಿದೆವು.

ಹಾಳೆಯ ಕೆಳಗಿನ ಕಾಲು ಭಾಗವನ್ನು ಈಗ ಮಕ್ಕಳೇ ಬರೆಯುತ್ತಾರೆ. ನಿಯಮ ಒಂದೇ, ನೀವು ಕಣ್ಣಾರೆ ನೋಡಿದ್ದು ಒಂದಾದರೂ ಇರಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ತುಳುನಾಡಿನ ಅಡುಗೆ ಮಾಡಿ ಆಚರಿಸುವ ಆಟಿಡೊಂಜಿ ದಿನದ ವರದಿ ಬರೆಯಲು ದ್ವಿತೀಯ ಬಿ.ಎ.ಯ ಹುಡುಗನೊಬ್ಬನನ್ನು ಕಳಿಸಿದೆ. ಅವನು ಮೊದಲು ತಂದದ್ದು ಹಳೇ ಧಾಟಿಯೇ, 'ತುಳುನಾಡಿನ ಸಂಸ್ಕೃತಿಯನ್ನು ಉಳಿಸಿ ಬೆಳೆಸಬೇಕು ಎಂದು ಕರೆ ನೀಡಿದರು.' ನೀನು ಏನು ತಿಂದೆ ಎಂದು ಕೇಳಿದೆ. ಮುಖ ಅರಳಿತು. ಎರಡನೇ ಸಲ ಬರೆದು ತಂದದ್ದರಲ್ಲಿ ಪತ್ರೊಡೆ ಇತ್ತು. ಕೆಸುವಿನ ಎಲೆ ತುರಿಸಬಾರದೆಂದು ಅವನ ಕ್ಲಾಸಿನವಳ ಅಜ್ಜಿ ಹಿಟ್ಟಿಗೆ ಹುಳಿ ಜಾಸ್ತಿ ಹಾಕಿದ್ದು, ಅವಳು ಅದನ್ನು ಬಾಳೆಲೆಯಲ್ಲಿ ಕಟ್ಟಿ ಎರಡು ಬಸ್ ಬದಲಿಸಿ ತಂದದ್ದು, ತಜಂಕ್ ಸೊಪ್ಪಿನ ಪಲ್ಯ ಹತ್ತು ನಿಮಿಷದಲ್ಲಿ ಖಾಲಿಯಾದದ್ದು, ಮಾತ್ರೆಯ ಹಾಗೆ ಎಣಿಸಿಕೊಂಡು ತಿನ್ನುವ ಹುಡುಗಿಯರೂ ಮೂರು ಮೂರು ತುಂಡು ತೆಗೆದದ್ದು. ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಹಿ ಕಷಾಯವನ್ನು ಪ್ರಿನ್ಸಿಪಾಲರು ಕಣ್ಣು ಮುಚ್ಚಿ ಕುಡಿಯುತ್ತಾರೆ ಎಂದೂ ಇತ್ತು. ಅದನ್ನು ತೆಗೆಯೋಣವೆಂದು ಪೆನ್ನು ಎತ್ತಿ ಮತ್ತೆ ಬಿಟ್ಟೆ. ಆ ಸಂಚಿಕೆಯ ಕೆಳಭಾಗವನ್ನು ಬಗ್ಗಿ ಓದಿದವರು ತುಂಬಾ.

ಅಚ್ಚಿನ ವಿಷಯ ಹೆಚ್ಚೇನಿಲ್ಲ. ಮೊದಲು 'ನುಡಿ' ತಂತ್ರಾಂಶದಲ್ಲಿ ಹಳೇ ಫಾಂಟ್ ಹಾಕಿ ಟೈಪ್ ಮಾಡಿ ಝೆರಾಕ್ಸ್ ಅಂಗಡಿಗೆ ಕೊಟ್ಟರೆ ಅಲ್ಲಿಯ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಏನೇನೋ ಗೆರೆ, ಚುಕ್ಕಿ ಬರುತ್ತಿತ್ತು. ಯೂನಿಕೋಡ್‌ಗೆ ಬಂದು ಪಿಡಿಎಫ್ ಮಾಡಿದ ಮೇಲೆ ಆ ತಲೆನೋವು ಹೋಯಿತು. ಎ3 ಅಳತೆಯಲ್ಲಿ ನಾಲ್ಕು ಪ್ರತಿ. ಮೆಟ್ಟಿಲ ಬಳಿ ಒಂದು, ಲೈಬ್ರರಿ, ಲೇಡೀಸ್ ರೂಮ್, ಕ್ಯಾಂಟೀನ್. ಕ್ಯಾಂಟೀನಿನದ್ದರ ಮೇಲೆ ಎರಡನೇ ದಿನವೇ ಎಣ್ಣೆ ಕಲೆ ಬೀಳುತ್ತದೆ, ನನಗೆ ಅದು ಖುಷಿಯೇ.

ಹದಿನೈದು ದಿನದ ಲೆಕ್ಕ ಈ ಊರಿಗೆ ಹೊಸತೂ ಅಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಪಾಕ್ಷಿಕವೇ. ಇಲ್ಲೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ, ಕಲ್ಲಚ್ಚಿನಲ್ಲಿ. ಕನ್ನಡದ ಮೊದಲ ಪತ್ರಿಕೆ ಎಂದು ಅದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವ ಕೇಳಿದ: "ಮ್ಯಾಮ್, ಅದರಲ್ಲಿಯೂ 'ವಂದಿಸಿದರು' ಇತ್ತಾ?"

ಈ ಸಲದ ಹಾಳೆ ನಿನ್ನೆಯೇ ಬೋರ್ಡಿಗೆ ಹೋಗಬೇಕಿತ್ತು. ಫೆಸ್ಟಿನವರು ಹಾಲ್ ಯಾವುದೆಂದು ಇನ್ನೂ ಹೇಳಿಲ್ಲ. ಅಟೆಂಡರ್ ಬುಕಿಂಗ್ ಪುಸ್ತಕದಲ್ಲಿ ಎರಡು ವಿಭಾಗದವರು ಒಂದೇ ಮಧ್ಯಾಹ್ನಕ್ಕೆ ಸಹಿ ಹಾಕಿ ಕೂತಿದ್ದಾರೆ. ಕ್ಯಾಂಟೀನಿನಲ್ಲಿ ಕೇಳಿದೆ, ಗೋಳಿಬಜೆ ಹೇಳಿದ್ದು ಒಬ್ಬರೇ. ಆ ವಿಭಾಗದ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.