ಮಲೆನಾಡಿನ ಮಳೆಗಾಲದಲ್ಲಿ ಸೇನಾ ವಸ್ತುಗಳನ್ನು ಜೋಪಾನ ಮಾಡುವುದು ಹೇಗೆ?

ಮೂಡಿಗೆರೆ, ಕೊಪ್ಪದ ಕಡೆ ಮುಂಗಾರು ಹಿಡಿದರೆ ಮೂಲೆಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಆದ್ದರಿಂದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹಳೆಯ ಕತ್ತಿ, ಸಮವಸ್ತ್ರ, ಪದಕಗಳನ್ನು ದಾಸ್ತಾನು ಕೋಣೆಯಲ್ಲಿ ಇಟ್ಟಿರುವವರು ಮೇ ತಿಂಗಳಲ್ಲೇ ಸಿದ್ಧತೆ ಮುಗಿಸಿಕೊಳ್ಳಬೇಕು.

ದಾನವಾಗಿ ಬಂದ ಪೆಟ್ಟಿಗೆಯಲ್ಲಿ ಕಾಡತೂಸು ಅಥವಾ ಗ್ರೆನೇಡ್ ಕಂಡರೆ, ಎಷ್ಟೇ ಹಳೆಯದಾಗಿದ್ದರೂ ಮುಟ್ಟದೆ ಪೊಲೀಸರಿಗೆ ತಿಳಿಸುವುದು ಮೊದಲ ಕೆಲಸ. ಉಳಿದ ವಸ್ತುಗಳಿಗೆ ಸಂಖ್ಯೆ ಕೊಟ್ಟು, ಫೋಟೊ ತೆಗೆದು, ಯಾರ ಮನೆಯಿಂದ ಬಂತು, ಯಾವ ರೆಜಿಮೆಂಟಿನದು ಎಂಬುದನ್ನು ಅಂದೇ ದಾಖಲಿಸಬೇಕು.

ಮುಂದಿನದು ಕತ್ತಿ. ಚರ್ಮದ ಒರೆ ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ, ಅಲಗನ್ನು ಅದರೊಳಗೆ ಬಿಡದೆ ಎರಡನ್ನೂ ಪಕ್ಕಪಕ್ಕದಲ್ಲಿ ಬೇರೆಯಾಗಿ ಇಡಬೇಕು. ನಾನು ಕಂಡ ಒಂದು ಕತ್ತಿಯ ಅಲಗಿನ ಮೇಲೆ ಹೆಬ್ಬೆರಳಿನ ಗೆರೆಗಳು ಒಂದೊಂದಾಗಿ ಕೆಂಪು ತುಕ್ಕಿನಲ್ಲಿ ಮೂಡಿದ್ದವು. ಬರಿಗೈಯಲ್ಲಿ ಯಾರೋ ಒಮ್ಮೆ ಹಿಡಿದಿದ್ದರು, ಬೆವರಿನ ಉಪ್ಪು ಉಳಿದ ಕೆಲಸ ಮಾಡಿತ್ತು. ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಸವರುವ ರೂಢಿಯಿದೆ, ಆದರೆ ಅದು ದೂಳನ್ನು ಹಿಡಿದುಕೊಂಡು, ಕಮಟಾದ ಮೇಲೆ ಲೋಹವನ್ನೇ ತಿನ್ನುತ್ತದೆ. ಬದಲಿಗೆ ಪೆಟ್ರೋಲಿಯಂನಿಂದ ತಯಾರಾಗುವ ಮೈಕ್ರೊಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಹಚ್ಚಬೇಕು.

ಪದಕಗಳಿಗೆ ಹುಣಸೆಹಣ್ಣು, ಪಾಲಿಶ್ ಯಾವುದೂ ಬೇಡ. ಅನೇಕ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆಯೂ ಹೆಸರೂ ಕೊರೆದಿರುತ್ತವೆ, ಪ್ರತಿ ತಿಕ್ಕಾಟಕ್ಕೂ ಆ ಅಕ್ಷರಗಳು ಸವೆಯುತ್ತವೆ.

ಉಣ್ಣೆಯ ಕೋಟಿಗೆ ನುಸಿ ಬಿದ್ದಿದ್ದರೆ, ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬಾರದು. ಲೋಹದ ಬಿಲ್ಲೆ ಅಥವಾ ಚರ್ಮದ ಪಟ್ಟಿ ಹೊಲಿದಿರುವ ಕೋಟಾದರೆ ತಜ್ಞರನ್ನು ಕೇಳದೆ ಹೀಗೆ ಮಾಡುವುದು ಸರಿಯಲ್ಲ. ನುಸಿಗುಳಿಗೆಯನ್ನು ನಾನು ಸೂಚಿಸುವುದಿಲ್ಲ, ಅದರ ಆವಿ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಒಳ್ಳೆಯದಲ್ಲ. ಮಡಿಕೆಗಳ ನಡುವೆ ಆಮ್ಲರಹಿತ ಕಾಗದವನ್ನು ಉಂಡೆಮಾಡಿ ಇಟ್ಟರೆ ಬಟ್ಟೆ ಗೆರೆಬಿದ್ದು ಹರಿಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ತೇವದ ನಿಯಂತ್ರಣ. ಚರ್ಮ, ಬಟ್ಟೆ, ಮರ ಒಟ್ಟಿಗಿರುವ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಶೇ 45ರಿಂದ 55ರ ನಡುವೆ ಇರಬೇಕು. ಬರೀ ಕಬ್ಬಿಣದ ವಸ್ತುಗಳನ್ನು ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆಗಿಟ್ಟು ಶೇ 40ಕ್ಕಿಂತ ಕೆಳಗೆ ಉಳಿಸಬಹುದು. ಹಗಲು ಮಾತ್ರ ಎ.ಸಿ. ಹಾಕಿ ರಾತ್ರಿ ಆರಿಸುವುದಕ್ಕಿಂತ ಹಾಕದಿರುವುದೇ ಮೇಲು, ಏಕೆಂದರೆ ಆರ್ದ್ರತೆಯ ಏರಿಳಿತದಿಂದ ಮರದ ಹಿಡಿ ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ಕಪಾಟುಗಳು ಹೊರಗೋಡೆಗೆ ತಾಗದೆ, ನೆಲದಿಂದ 15 ಸೆಂ.ಮೀ. ಮೇಲಿರಲಿ.

ಮಳೆ ನಿಲ್ಲುವವರೆಗೆ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಅಲಗಿನ ಬುಡ, ಹಿಡಿಯ ಸಂದು, ಕಾಲರಿನ ಒಳಮೈಯನ್ನು ಪರೀಕ್ಷಿಸಿ, ಕಂಡದ್ದನ್ನು ಆಯಾ ವಸ್ತುವಿನ ಪುಟದಲ್ಲಿ ತಾರೀಖಿನೊಂದಿಗೆ ಬರೆದಿಡಬೇಕು.